ಸಾಫ್ಟ್ ಕೋರಲ್ ಟ್ಯಾಂಕಿಗೆ ತೆಳ್ಳಗಿನ ಲೈಟ್: ಕಡಿಮೆ ಖರ್ಚಿನಲ್ಲಿ ಆರಿಸುವುದು ಹೇಗೆ?

ಉಪ್ಪುನೀರಿನ ಟ್ಯಾಂಕಿನಲ್ಲಿ ಸಾಫ್ಟ್ ಕೋರಲ್, ಅಂದರೆ ಮೆತ್ತನೆ ಮೈಯ ಹವಳ, ಸಾಕಬೇಕು ಅನ್ನುವವರನ್ನು ಮೊದಲು ಹೆದರಿಸುವುದು ಲೈಟಿನ ಖರ್ಚು. ಅಷ್ಟು ಹೆದರಬೇಕಾಗಿಲ್ಲ. ಅಕ್ರೊಪೊರಾದಂಥ ಗಟ್ಟಿ ಹವಳಗಳಿಗೆ ಬೇಕಾಗುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಇವಕ್ಕೆ ಸಾಕು. ಒಂದು ಸಾಧಾರಣ ಎಲ್‌ಇಡಿ ಪಟ್ಟಿಯ ಕೆಳಗೂ ಇವು ಚೆನ್ನಾಗಿ ಬೆಳೆಯುತ್ತವೆ.

ಅಗ್ಗದ ಲೈಟುಗಳಲ್ಲಿ ನಿಜವಾದ ತೊಂದರೆ ಬೇರೆಯೇ ಇದೆ. ಬೆಳಕು ಒಂದು ಕಡೆ ಜಾಸ್ತಿ ಬೀಳುತ್ತದೆ, ಪಕ್ಕದಲ್ಲೇ ಕತ್ತಲು. ನೀರಿನ ಮೇಲ್ಮೈಗೆ ತೀರಾ ಹತ್ತಿರ ಕೂರುವ ತೆಳ್ಳಗಿನ ಲೈಟಿನಲ್ಲಂತೂ ಇದು ಎದ್ದು ಕಾಣುತ್ತದೆ. ಹಾಗಾಗಿ ನಾನು ಹೊಸಬರಿಗೆ ಹೇಳುವುದು ಇಷ್ಟೇ: ಎಷ್ಟು ಜೋರು ಅಂತ ಕೇಳುವ ಮೊದಲು, ಬೆಳಕು ಎಷ್ಟು ಸಮನಾಗಿ ಹರಡುತ್ತದೆ, ಅದನ್ನು ಎಷ್ಟು ತಗ್ಗಿಸಬಹುದು ಅಂತ ಕೇಳಿ. ಮುಂದಿನ ಹೆಜ್ಜೆಗಳೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇವೆ.

ಹೆಜ್ಜೆ 1: ಯಾವ ಹವಳ ಅಂತ ಮೊದಲು ತೀರ್ಮಾನಿಸಿ

ಹವಳದ ಮೈಯೊಳಗೆ ಝೂಕ್ಸಾಂಥೆಲೆ ಅನ್ನುವ ಒಂದೇ ಜೀವಕೋಶದ ಪಾಚಿ ವಾಸವಾಗಿರುತ್ತದೆ. ಬೆಳಕು ಬಿದ್ದಾಗ ಆ ಪಾಚಿ ಆಹಾರ ತಯಾರಿಸುತ್ತದೆ, ಅದರ ದೊಡ್ಡ ಪಾಲು ಹವಳಕ್ಕೆ ಸಿಗುತ್ತದೆ. ನಾವು ಲೈಟ್ ಕೊಳ್ಳುವುದು ನಿಜಕ್ಕೂ ಈ ಪಾಚಿಗಾಗಿ. ಬೆಳಕು ಸಾಲದಿದ್ದರೆ ಹವಳ ನಿಧಾನವಾಗಿ ಸೊರಗುತ್ತದೆ. ಬೆಳಕು ಅತಿಯಾದರೆ ಪಾಚಿಯ ಕೆಲಸ ಕೆಟ್ಟು, ಹವಳ ಅದನ್ನು ಹೊರಗೆ ಹಾಕಿಬಿಡುತ್ತದೆ, ಮೈ ಬಿಳಿಚಿಕೊಳ್ಳುತ್ತದೆ. ಇದಕ್ಕೇ ಬ್ಲೀಚಿಂಗ್ ಅನ್ನುವುದು. ಸೊರಗುವುದಕ್ಕೆ ವಾರಗಟ್ಟಲೆ ಬೇಕು, ಬಿಳಿಚುವುದಕ್ಕೆ ಕೆಲವೇ ದಿನ ಸಾಕು. ಅನುಮಾನ ಬಂದಾಗಲೆಲ್ಲ ಕಡಿಮೆ ಬೆಳಕಿನ ಕಡೆಗೇ ವಾಲಿ.

ಈ ಬೆಳಕನ್ನು ಅಳೆಯುವ ಲೆಕ್ಕಕ್ಕೆ ಪಾರ್ ಅನ್ನುತ್ತಾರೆ. 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಸೆಕೆಂಡಿಗೆ ಎಷ್ಟು ಬೀಳುತ್ತವೆ ಅನ್ನುವುದರ ಅಳತೆ ಅದು. ಕಣಗಳನ್ನು ಒಂದೊಂದಾಗಿ ಎಣಿಸಲಾಗದು, ಹಾಗಾಗಿ ಮೈಕ್ರೊಮೋಲ್ ಅನ್ನುವ ದೊಡ್ಡ ಗುಂಪಿನ ಲೆಕ್ಕದಲ್ಲಿ ಹೇಳುತ್ತಾರೆ. ನಡುಹಗಲಿನ ನೇರ ಬಿಸಿಲಿನಲ್ಲಿ ಇದು ಸುಮಾರು 2000. ನಮ್ಮ ಹವಳಗಳಿಗೆ ಬೇಕಾದದ್ದು ಅದರ ಒಂದು ಚೂರು.

ಮಶ್ರೂಮ್ ಕೋರಲ್‌ಗೆ 30ರಿಂದ 75 ಇದ್ದರೆ ಸಾಕು, ನೆರಳಿನ ಮೂಲೆಯಲ್ಲೂ ಅದು ಖುಷಿಯಾಗಿರುತ್ತದೆ. ಗ್ರೀನ್ ಸ್ಟಾರ್ ಪಾಲಿಪ್, ಜೀನಿಯಾ, ಕೆನ್ಯಾ ಟ್ರೀ ಮತ್ತು ಜೋವಾಂತಿಡ್‌ಗಳಿಗೆ 50ರಿಂದ 120. ಟೋಡ್‌ಸ್ಟೂಲ್, ಫಿಂಗರ್ ಲೆದರ್ ತರಹದ ಲೆದರ್ ಕೋರಲ್‌ಗಳಿಗೆ 75ರಿಂದ 150. ಈ ಅಂಕಿಗಳನ್ನು ಕಟ್ಟುನಿಟ್ಟಿನ ಗೆರೆ ಅಂತ ನೋಡಬೇಡಿ. ನಿಧಾನವಾಗಿ ಹೊಂದಿಸಿಕೊಂಡರೆ ಇವೆಲ್ಲ ಇದಕ್ಕಿಂತ ಸ್ವಲ್ಪ ಆಚೀಚೆಯೂ ಬಾಳುತ್ತವೆ. ಟ್ಯಾಂಕಿನ ತಳದಲ್ಲಿ 40–50, ಮಧ್ಯದ ಕಲ್ಲಿನ ಮೇಲೆ 80–100, ಮೇಲಿನ ಕಲ್ಲಿನ ಮೇಲೆ 120–150 ಸಿಕ್ಕರೆ ಎಲ್ಲಕ್ಕೂ ಒಂದೊಂದು ಜಾಗ ಸಿಕ್ಕ ಹಾಗೆಯೇ.

ಇಲ್ಲೊಂದು ಮಾತು. ಮಶ್ರೂಮ್ ಮತ್ತು ಜೋವಾಂತಿಡ್‌ಗಳು ಜೀವಶಾಸ್ತ್ರದ ಪ್ರಕಾರ ಸಾಫ್ಟ್ ಕೋರಲ್‌ಗಳಲ್ಲ. ನಿಜವಾದ ಸಾಫ್ಟ್ ಕೋರಲ್‌ನ ಪ್ರತಿ ಪಾಲಿಪ್‌ಗೂ, ಅಂದರೆ ಹವಳದ ಮೈಮೇಲೆ ಹೂವಿನಂತೆ ಅರಳುವ ಒಂದೊಂದು ಪುಟ್ಟ ಜೀವಿಗೂ, ಎಂಟು ಗರಿಗರಿ ಬೆರಳುಗಳಿರುತ್ತವೆ. ಗ್ರೀನ್ ಸ್ಟಾರ್ ಪಾಲಿಪ್ ಅರಳಿದಾಗ ಒಂದು ಭೂತಗನ್ನಡಿ ಹಿಡಿದು ಎಣಿಸಿ ನೋಡಿ, ಸರಿಯಾಗಿ ಎಂಟೇ ಸಿಗುತ್ತವೆ. ಲೈಟಿನ ವಿಚಾರದಲ್ಲಿ ಮಾತ್ರ ಇವೆಲ್ಲ ಒಂದೇ ಗುಂಪು ಅಂದುಕೊಂಡರೆ ತಪ್ಪಿಲ್ಲ.

ಹೆಜ್ಜೆ 2: ಟೇಪ್ ಹಿಡಿದು ಅಳೆಯಿರಿ

ಬರೆದುಕೊಳ್ಳಬೇಕಾದ ಅಳತೆಗಳು ಇವು: ಟ್ಯಾಂಕಿನ ಹೊರಗಿನ ಉದ್ದ, ಅಗಲ, ಗಾಜಿನ ದಪ್ಪ, ನೀರಿನ ಮೇಲ್ಮೈಯಿಂದ ಮರಳಿನವರೆಗಿನ ಆಳ, ಮತ್ತು ಟ್ಯಾಂಕಿನ ಮೇಲೆ ಖಾಲಿ ಇರುವ ಜಾಗ. ಮೇಲೆ ಕಪಾಟಿನ ಹಲಗೆ ಇದೆಯೇ, ಮುಚ್ಚಳದ ಪೆಟ್ಟಿಗೆ ಇದೆಯೇ ನೋಡಿ.

ಗಾಜಿನ ದಪ್ಪವನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ತೆಳ್ಳಗಿನ ಲೈಟುಗಳ ಕಾಲುಗಳು ಗಾಜಿನ ಅಂಚಿಗೆ ಕಚ್ಚಿಕೊಂಡು ಕೂರುತ್ತವೆ. 5–6 ಮಿ.ಮೀ. ಗಾಜಿಗೆ ಮಾಡಿದ ಕ್ಲಿಪ್ 10 ಮಿ.ಮೀ. ಗಾಜಿಗೆ ಹತ್ತುವುದಿಲ್ಲ. ಅಂಚಿಗೆ ಪ್ಲಾಸ್ಟಿಕ್ ಚೌಕಟ್ಟು ಇದ್ದರೆ ಅದರ ಅಗಲವನ್ನೂ ಸೇರಿಸಿ ಅಳೆಯಿರಿ.

ಮುಚ್ಚಿದ ಪೆಟ್ಟಿಗೆಯೊಳಗೆ ಲೈಟ್ ಇಡುವುದಾದರೆ, ಲೈಟಿನ ಮೇಲೆ ಕನಿಷ್ಠ ನಾಲ್ಕೈದು ಸೆಂ.ಮೀ. ಗಾಳಿ ಆಡುವ ಜಾಗ ಬೇಕು. ಎಲ್‌ಇಡಿ ತಣ್ಣಗಿರುತ್ತದೆ ಅನ್ನುವುದು ಅರ್ಧ ಸತ್ಯ. ಅದರ ಬೆಳಕಿನಲ್ಲಿ ಸುಡುವ ಶಾಖ ಇರುವುದಿಲ್ಲ, ನಿಜ. ಆದರೆ ಚಿಪ್‌ನ ಬೆನ್ನು ಬಿಸಿಯಾಗುತ್ತದೆ, ಆ ಬಿಸಿ ಹೊರಗೆ ಹೋಗದಿದ್ದರೆ ಚಿಪ್ ಬೇಗ ಮಂಕಾಗುತ್ತದೆ. ನೀರಿನ ಬಿಸಿಯೂ 24–27 ಡಿಗ್ರಿ ಸೆಲ್ಸಿಯಸ್ ಮೀರಿ ಏರತೊಡಗುತ್ತದೆ.

ಹೆಜ್ಜೆ 3: ಡಬ್ಬದ ಮೇಲೆ ಬರೆದದ್ದನ್ನು ಓದಲು ಕಲಿಯಿರಿ

ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ವ್ಯಾಟ್. ಒಂದೊಂದು 3 ವ್ಯಾಟಿನ 55 ಎಲ್‌ಇಡಿ ಇದ್ದರೆ ಡಬ್ಬದ ಮೇಲೆ 165 ವ್ಯಾಟ್ ಅಂತ ಅಚ್ಚಾಗಿರುತ್ತದೆ. ಆದರೆ ಆ ಚಿಪ್‌ಗಳನ್ನು ಅವುಗಳ ಪೂರ್ತಿ ಶಕ್ತಿಯಲ್ಲಿ ಓಡಿಸುವುದಿಲ್ಲ. ಹಾಗಾಗಿ ಲೈಟ್ ನಿಜವಾಗಿ ಎಳೆಯುವ ವಿದ್ಯುತ್ ಅದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಅಡಾಪ್ಟರ್ ಮೇಲೆ ವೋಲ್ಟ್ ಮತ್ತು ಆಂಪಿಯರ್ ಬರೆದಿರುತ್ತಾರೆ, ಎರಡನ್ನೂ ಗುಣಿಸಿ ನೋಡಿ. 24 ವೋಲ್ಟ್, 1.5 ಆಂಪಿಯರ್ ಅಂತಿದ್ದರೆ 36 ವ್ಯಾಟ್. ಲೈಟ್ ಅದಕ್ಕಿಂತ ಜಾಸ್ತಿ ಎಳೆಯಲು ಸಾಧ್ಯವಿಲ್ಲ, ಡಬ್ಬ ಏನೇ ಹೇಳಲಿ.

ಹಾಗಾದರೆ ಎಷ್ಟು ವ್ಯಾಟ್ ಬೇಕು? 60 ಸೆಂ.ಮೀ. ಉದ್ದ, 30 ಅಗಲ, 35 ಎತ್ತರದ ಟ್ಯಾಂಕಿಗೆ, ಅಂದರೆ ಸುಮಾರು 63 ಲೀಟರಿಗೆ, ನಿಜವಾಗಿ 20ರಿಂದ 35 ವ್ಯಾಟ್ ಎಳೆಯುವ ಒಳ್ಳೆಯ ಎಲ್‌ಇಡಿಯಿಂದ ಹುಡುಕಾಟ ಶುರು ಮಾಡಬಹುದು. ಇದು ಒಂದು ಅಂದಾಜು ಅಷ್ಟೇ. ಲೀಟರಿಗೆ ಇಷ್ಟು ವ್ಯಾಟ್ ಅನ್ನುವ ಹಳೆಯ ಸೂತ್ರ ಟ್ಯೂಬ್‌ಲೈಟ್ ಕಾಲದ್ದು. ಎಲ್‌ಇಡಿಯಲ್ಲಿ ಚಿಪ್‌ನ ಗುಣ, ಲೆನ್ಸ್, ಎತ್ತರ ಎಲ್ಲವೂ ಸೇರಿ ಫಲಿತಾಂಶ ಬದಲಾಗುತ್ತದೆ.

ಆಮೇಲೆ ಲ್ಯೂಮೆನ್. ಇದನ್ನು ನೋಡಿ ಹವಳದ ಲೈಟ್ ಕೊಳ್ಳಬೇಡಿ. ಲ್ಯೂಮೆನ್ ಮನುಷ್ಯರ ಕಣ್ಣಿಗೆ ಹೊಂದಿಸಿದ ಅಳತೆ. ನಮ್ಮ ಕಣ್ಣು 555 ನ್ಯಾನೋಮೀಟರ್ ಸುತ್ತಲಿನ ಹಳದಿಹಸಿರು ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ, ನೀಲಿಗೆ ತುಂಬಾ ಕಡಿಮೆ. ಹವಳದೊಳಗಿನ ಪಾಚಿ ಚೆನ್ನಾಗಿ ಹೀರಿಕೊಳ್ಳುವುದು ಆ ನೀಲಿಯನ್ನೇ. ಕಣ್ಣಿಗೆ ಮಂಕಾಗಿ ಕಾಣುವ ನೀಲಿ ಲೈಟು ಹವಳಕ್ಕೆ ಭರ್ತಿ ಬೆಳಕಾಗಿರಬಹುದು. ಲಕ್ಸ್ ಮೀಟರ್ ಕೂಡ ಇದೇ ಕಾರಣಕ್ಕೆ ನೀಲಿ ಬೆಳಕಿನಡಿ ಕಡಿಮೆ ತೋರಿಸುತ್ತದೆ, ಫೋನಿನ ಲಕ್ಸ್ ಆ್ಯಪ್‌ಗಳೂ ಅಷ್ಟೇ.

ಬಣ್ಣದ ವಿಚಾರ. ಹವಳದ ಲೈಟಿನಲ್ಲಿ 450 ನ್ಯಾನೋಮೀಟರ್ ಆಸುಪಾಸಿನ ರಾಯಲ್ ಬ್ಲೂ ಮುಖ್ಯ. 470ರ ನೀಲಿ, 405–420ರ ನೇರಳೆ ಇದ್ದರೆ ಒಳ್ಳೆಯದು, ಹಸಿರು ಕಿತ್ತಳೆ ಬಣ್ಣದ ಹವಳಗಳು ಹೊಳೆಯುತ್ತವೆ. ಇದರ ಜೊತೆಗೆ ಸ್ವಲ್ಪ ಬಿಳಿ ಬೇಕು. ಬೆಳಕಿನ ಬಣ್ಣವನ್ನು ಸೂಚಿಸುವ ಕೆಲ್ವಿನ್ ಲೆಕ್ಕದಲ್ಲಿ ಹೇಳುವುದಾದರೆ 10,000ರಿಂದ 20,000ದ ನಡುವೆ. 6,500 ಕೆಲ್ವಿನ್‌ನ ಸಿಹಿನೀರಿನ ಗಿಡಗಳ ಲೈಟಿನಡಿ ಸಾಫ್ಟ್ ಕೋರಲ್ ಸಾಯುವುದಿಲ್ಲ. ಮನೆಯಲ್ಲಿ ಆಗಲೇ ಒಂದು ಇದ್ದರೆ ಅದರಲ್ಲೇ ಶುರು ಮಾಡಿ, ಒಂದು ನೀಲಿ ಪಟ್ಟಿ ಜೊತೆಗೆ ಸೇರಿಸಿ. ಬರೀ ಅದರಲ್ಲಿ ಹವಳಗಳು ಕಂದಾಗಿ ಕಾಣುತ್ತವೆ, ಅಷ್ಟೇ ವ್ಯತ್ಯಾಸ.

ಬಿಳಿ ಎಲ್‌ಇಡಿ ಅಂದರೆ ಬೇರೆಯೇ ವಸ್ತು ಅಂದುಕೊಳ್ಳಬೇಡಿ. ಅದರೊಳಗೆ ಇರುವುದೂ 450 ಆಸುಪಾಸಿನ ನೀಲಿ ಚಿಪ್ಪೇ. ಮೇಲೆ ಹಳದಿ ಫಾಸ್ಫರ್ ಲೇಪಿಸಿರುತ್ತಾರೆ, ನೀಲಿ ಮತ್ತು ಹಳದಿ ಬೆರೆತು ಬಿಳಿ ಕಾಣುತ್ತದೆ. ಈ ನೀಲಿ ಎಲ್‌ಇಡಿಯನ್ನು ಸಾಧ್ಯ ಮಾಡಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇವತ್ತು ಸಾಮಾನ್ಯ ಬಜೆಟ್ಟಿನಲ್ಲಿ ಹವಳ ಸಾಕಲು ಆಗುತ್ತಿರುವುದರ ಹಿಂದೆ ಅವರ ಕೆಲಸ ಇದೆ.

ಕೆಂಪು ಚಿಪ್‌ಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಮುದ್ರದ ನೀರು ಕೆಂಪನ್ನು ಮೊದಲು ನುಂಗುತ್ತದೆ, ನೀಲಿ ತುಂಬಾ ಆಳದವರೆಗೆ ಇಳಿಯುತ್ತದೆ. ಹವಳಗಳು ಆ ನೀಲಿಗೆ ಒಗ್ಗಿಕೊಂಡಿವೆ. ಒಂದೆರಡು ಕೆಂಪು ಚಿಪ್ ಇದ್ದರೆ ಮೀನಿನ ಬಣ್ಣ ಚೆನ್ನಾಗಿ ಕಾಣುತ್ತದೆ, ಇಲ್ಲದಿದ್ದರೆ ನಷ್ಟವೇನಿಲ್ಲ.

ಇನ್ನು ನಾನು ಯಾವ ಕಾರಣಕ್ಕೂ ಬಿಟ್ಟುಕೊಡದ ಎರಡು ವಿಷಯ. ಒಂದು, ನೀಲಿ ಮತ್ತು ಬಿಳಿಯನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸಲು ಆಗಬೇಕು. ಎರಡು, ಚಿಪ್‌ಗಳ ಮೇಲೆ ಪೂರ್ತಿ ಮುಚ್ಚಿದ ಅಕ್ರಿಲಿಕ್ ಅಥವಾ ಗಾಜಿನ ಹೊದಿಕೆ ಇರಬೇಕು. ತೆಳ್ಳಗಿನ ಲೈಟ್ ನೀರಿಗೆ ಹತ್ತಿರ ಇರುತ್ತದೆ, ಉಪ್ಪುನೀರಿನ ಹನಿ ಹಾರುತ್ತಲೇ ಇರುತ್ತದೆ. ಚಿಪ್‌ಗಳು ತೆರೆದಿದ್ದರೆ ಬೆಸುಗೆಗಳು ಹಸಿರುಗಟ್ಟಿ ಒಂದೊಂದೇ ಆರಿಹೋಗುತ್ತವೆ. ಹಸಿರುಗಟ್ಟುವುದು ತಾಮ್ರ. ಅದು ನೀರಿಗೆ ಇಳಿದರೆ ಹವಳ, ಸೀಗಡಿ, ಬಸವನಹುಳ ಎಲ್ಲಕ್ಕೂ ವಿಷ.

ಐಪಿ ಸಂಖ್ಯೆ ನೋಡಿ. ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು. ಐಪಿ65 ಅಂದರೆ ನೀರು ಚಿಮ್ಮಿದರೆ ತಡೆಯುತ್ತದೆ. ಐಪಿ67 ಅಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ತಡೆದುಕೊಳ್ಳುತ್ತದೆ. ಈ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ ಅನ್ನುವುದು ನೆನಪಿರಲಿ. ಉಪ್ಪುನೀರಿಗೆ ಬಿದ್ದ ಲೈಟನ್ನು ಐಪಿ67 ಇದೆಯಲ್ಲ ಅಂತ ಹಾಗೇ ಹಾಕಬಾರದು. ಪ್ಲಗ್ ತೆಗೆದು, ಸಿಹಿನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೇ ಹಾಕಬೇಕು.

ಹೆಜ್ಜೆ 4: ಆಕಾರ ಆರಿಸಿ

ತೆಳ್ಳಗಿನ ಲೈಟುಗಳಲ್ಲಿ ನಾಲ್ಕು ಬಗೆ ಸಿಗುತ್ತವೆ.

ಉದ್ದನೆಯ ಎಲ್‌ಇಡಿ ಬಾರ್. ಹೊಸಬರಿಗೆ ನನ್ನ ಮೊದಲ ಆಯ್ಕೆ ಇದೇ. ಟ್ಯಾಂಕಿನ ಉದ್ದದ ಮುಕ್ಕಾಲು ಭಾಗಕ್ಕಾದರೂ ಚಿಪ್‌ಗಳು ಹರಡಿರುವುದನ್ನು ತೆಗೆದುಕೊಳ್ಳಿ. ಬೆಳಕು ಹಲವು ಜಾಗದಿಂದ ಬರುವುದರಿಂದ ಕಲ್ಲಿನ ನೆರಳು ತಿಳಿಯಾಗುತ್ತದೆ. ಇನ್ನೊಂದು ಅನುಕೂಲ ಅಂದರೆ, ಈಗ ಒಂದು ಕೊಂಡು ಮುಂದೆ ಬೇಕಾದರೆ ಇನ್ನೊಂದು ಸೇರಿಸಬಹುದು. ಎರಡು ಬಾರ್‌ಗಳನ್ನು ಒಂದು ಮುಂದೆ, ಒಂದು ಹಿಂದೆ ಇಟ್ಟರೆ ಒಂದು ದೊಡ್ಡ ಲೈಟ್ ಕೊಡದಷ್ಟು ಸಮನಾದ ಬೆಳಕು ಸಿಗುತ್ತದೆ.

ಚಪ್ಪಟೆ ಪ್ಯಾನೆಲ್. ಚೌಕಾಕಾರದ ಚಿಕ್ಕ ಟ್ಯಾಂಕಿಗೆ ಚೆನ್ನಾಗಿ ಒಪ್ಪುತ್ತದೆ. ಫ್ಯಾನ್ ಇಲ್ಲದ, ಅಲ್ಯೂಮಿನಿಯಂ ಮೈಯ ಪ್ಯಾನೆಲ್ ಸಿಕ್ಕರೆ ಅದನ್ನೇ ಆರಿಸಿ. ನೀರಿಗೆ ಇಷ್ಟು ಹತ್ತಿರ ಇರುವ ಫ್ಯಾನ್ ಉಪ್ಪಿನ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ.

ಕೊಕ್ಕರೆ ಕತ್ತಿನ ಕ್ಲಿಪ್ ಲೈಟ್. 30 ಸೆಂ.ಮೀ. ಒಳಗಿನ ಟ್ಯಾಂಕಿಗೆ ಸಾಕು. ಅದಕ್ಕಿಂತ ಉದ್ದದ ಟ್ಯಾಂಕಿಗೆ ಹಾಕಿದರೆ ನಡುವೆ ಮಾತ್ರ ಬೆಳಕಿನ ಗುಂಡು ಬೀಳುತ್ತದೆ, ಎರಡು ತುದಿ ಕತ್ತಲು.

ಟಿ5 ಟ್ಯೂಬ್. ಬೆಳಕು ಹರಡುವುದರಲ್ಲಿ ಇದನ್ನು ಮೀರಿಸಿದ್ದು ಇಲ್ಲ ಅಂತಲೇ ನಾನು ಹೇಳುತ್ತೇನೆ. 16 ಮಿ.ಮೀ. ದಪ್ಪದ ಟ್ಯೂಬು, ಒಳ್ಳೆಯ ರಿಫ್ಲೆಕ್ಟರ್ ಇದ್ದರೆ ತೆಳ್ಳಗೇ ಇರುತ್ತದೆ. ಆದರೆ ತಗ್ಗಿಸಲು ಆಗುವುದು ಕಡಿಮೆ, ಬಿಸಿ ಜಾಸ್ತಿ, 9ರಿಂದ 12 ತಿಂಗಳಿಗೊಮ್ಮೆ ಟ್ಯೂಬ್ ಬದಲಿಸಬೇಕು. ಕರೆಂಟ್ ಲೆಕ್ಕವನ್ನೂ ಹಾಕಿ ನೋಡಿ. 24 ವ್ಯಾಟಿನ ಎರಡು ಟ್ಯೂಬು ದಿನಕ್ಕೆ 9 ಗಂಟೆ ಉರಿದರೆ 30 ದಿನಕ್ಕೆ ಸುಮಾರು 13 ಯೂನಿಟ್. 30 ವ್ಯಾಟಿನ ಎಲ್‌ಇಡಿ ಅಷ್ಟೇ ಹೊತ್ತು ಉರಿದರೆ 8 ಯೂನಿಟ್ ಚಿಲ್ಲರೆ. ಸೆಕೆಂಡ್ ಹ್ಯಾಂಡ್ ಟಿ5 ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ, ಹೊಸ ಟ್ಯೂಬಿನ ಖರ್ಚನ್ನೂ ಅದರ ಬೆಲೆಗೆ ಸೇರಿಸಿಯೇ ಹೋಲಿಸಿ.

ಲೆನ್ಸ್ ಬಗ್ಗೆ ಒಂದು ಎಚ್ಚರಿಕೆ. ಲೆನ್ಸ್ ಇಲ್ಲದ ಎಲ್‌ಇಡಿ ಸಾಮಾನ್ಯವಾಗಿ 120 ಡಿಗ್ರಿ ಅಗಲಕ್ಕೆ ಬೆಳಕು ಚೆಲ್ಲುತ್ತದೆ. ಲೆನ್ಸ್ ಹಾಕಿದರೆ ಅದು 60–90 ಡಿಗ್ರಿಗೆ ಕಿರಿದಾಗಿ ಆಳಕ್ಕೆ ಇಳಿಯುತ್ತದೆ. ಎತ್ತರದಲ್ಲಿ ನೇತುಹಾಕುವ ಲೈಟಿಗೆ ಲೆನ್ಸ್ ಸರಿ. ನೀರಿನ ಮೇಲೆ ಒಂದು ಗೇಣು ಎತ್ತರದಲ್ಲೂ ಇಲ್ಲದ ತೆಳ್ಳಗಿನ ಲೈಟಿಗೆ ಅಗಲವಾದ ಕೋನವೇ ಬೇಕು. ಬೆಳಕು ನೀರಿನೊಳಗೆ ಹೋಗುವಾಗ ಬಾಗಿ ಇನ್ನಷ್ಟು ಕಿರಿದಾಗುತ್ತದೆ ಅನ್ನುವುದನ್ನೂ ಮರೆಯಬೇಡಿ. ಪಕ್ಕಕ್ಕೆ ಹೋದ ಬೆಳಕು ವ್ಯರ್ಥ ಅಂತ ಚಿಂತೆ ಬೇಡ. ಪಕ್ಕದ ಗಾಜು ಅದರಲ್ಲಿ ಬಹುಪಾಲನ್ನು ಮತ್ತೆ ಒಳಕ್ಕೇ ಪ್ರತಿಫಲಿಸುತ್ತದೆ, ಗಾಜು ಸ್ವಚ್ಛವಾಗಿದ್ದರೆ.

ಹೆಜ್ಜೆ 5: ಕೊಳ್ಳುವ ಮುನ್ನ ಹಾಕಿ ನೋಡಿ

ನೀಲಿಯಲ್ಲಿ ಮುಳುಗಿದ ಮಿರಿಮಿರಿ ಫೋಟೊ ನೋಡಿ ಲೈಟ್ ಆರಿಸಬೇಡಿ. ಫೋನಿನ ಕ್ಯಾಮೆರಾ ನೀಲಿಯನ್ನು ಬೇಕಾದ ಹಾಗೆ ಉಬ್ಬಿಸುತ್ತದೆ. ಲೈಟನ್ನು ಕೈಯಲ್ಲಿ ಹಿಡಿಯುವ ಅವಕಾಶ ಇದ್ದರೆ ಈ ಪರೀಕ್ಷೆ ಮಾಡಿ. ಅಂಚೆಯಲ್ಲಿ ತರಿಸಿದರೆ ವಾಪಸ್ ಕಳಿಸುವ ಗಡುವು ಮುಗಿಯುವ ಮೊದಲು ಮನೆಯಲ್ಲೇ ಮಾಡಿ.

ಒಂದು ದೊಡ್ಡ ಬಿಳಿ ಹಾಳೆಯನ್ನು ಮೇಜಿನ ಮೇಲೆ ಹರಡಿ. ನಿಮ್ಮ ಟ್ಯಾಂಕಿನಲ್ಲಿ ಲೈಟಿಗೂ ನಡುವಿನ ಕಲ್ಲಿಗೂ ಎಷ್ಟು ದೂರ ಇರುತ್ತದೋ ಅಷ್ಟೇ ಎತ್ತರದಲ್ಲಿ ಲೈಟ್ ಹಿಡಿದು, ಕೋಣೆಯ ಬೇರೆ ದೀಪ ಆರಿಸಿ. ಹಾಳೆಯ ಅಂಚಿನವರೆಗೂ ಬೆಳಕು ಒಂದೇ ತರಹ ಇದೆಯಾ? ಅಥವಾ ನಡುವೆ ಉರಿಯುವ ಹಾಗೆ ಬಿಳಿ, ಸುತ್ತ ನೀಲಿ ಅಂಚು, ಒಂದು ಮೂಲೆಯಲ್ಲಿ ಕೆಂಪು ಮಚ್ಚೆ, ಹೀಗೆ ಬಿಡಿಬಿಡಿಯಾಗಿ ಕಾಣುತ್ತಿದೆಯಾ? ಈಗ ಹಾಳೆಯ ಮೇಲೆ ಅರ್ಧ ಗೇಣು ಎತ್ತರದಲ್ಲಿ ಒಂದು ಪೆನ್ಸಿಲ್ ಅಡ್ಡ ಹಿಡಿಯಿರಿ. ನೆರಳು ಬೂದು ಬಣ್ಣದಲ್ಲಿ ಮಸುಕಾಗಿ ಬಿದ್ದರೆ ಚಿಪ್‌ಗಳ ಬಣ್ಣ ಚೆನ್ನಾಗಿ ಬೆರೆತಿದೆ ಅಂತ ಅರ್ಥ. ನೀಲಿ, ಕೆಂಪು, ಹಸಿರು ಅಂತ ನಾಲ್ಕೈದು ನೆರಳು ಸಾಲಾಗಿ ಬಿದ್ದರೆ, ನಿಮ್ಮ ಕಲ್ಲುಗಳ ಮೇಲೂ ಹಾಗೇ ಬೀಳುತ್ತದೆ, ದಿನವೂ ಅದನ್ನೇ ನೋಡುತ್ತಾ ಕೂರಬೇಕಾಗುತ್ತದೆ.

ಇನ್ನೊಂದು ಪರೀಕ್ಷೆ ಇನ್ನೂ ಮುಖ್ಯ. ಬೆಳಕನ್ನು ಅರ್ಧಕ್ಕೆ ಇಳಿಸಿ, ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಲೈಟ್ ಅರ್ಧಕ್ಕೇ ಹತ್ತಿಕೊಂಡರೆ ಒಳ್ಳೆಯದು. ಕೆಲವು ಲೈಟುಗಳು ಕರೆಂಟ್ ಹೋಗಿ ಬಂದಾಗ ಪೂರ್ತಿ ಜೋರಿಗೆ ಹತ್ತುತ್ತವೆ, ಇನ್ನು ಕೆಲವು ಬಟನ್ ಒತ್ತುವವರೆಗೆ ಹತ್ತುವುದೇ ಇಲ್ಲ. ಇವೆರಡಕ್ಕೂ ಹೊರಗಿನ ಟೈಮರ್ ಹಾಕಿ ಪ್ರಯೋಜನವಿಲ್ಲ. ಡಿಮ್ಮರ್ ಇದೆ ಅಂತ ನಂಬಿ ತಂದ ಲೈಟ್ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಪೂರ್ತಿ ಜೋರಾಗಿ ಉರಿದರೆ ಹವಳಕ್ಕೆ ಏನಾಗಬಹುದು ಯೋಚಿಸಿ.

ಪಾರ್ ಮೀಟರ್ ದುಬಾರಿ. ಒಂದು ಟ್ಯಾಂಕಿಗಾಗಿ ಅದನ್ನು ಕೊಳ್ಳಬೇಕಿಲ್ಲ. ಹವಳ ಸಾಕುವ ಗೆಳೆಯರ ಬಳಿ ಒಂದು ದಿನಕ್ಕೆ ಎರವಲು ಸಿಕ್ಕರೆ ತಳ, ಮಧ್ಯ, ಮೇಲೆ, ಎರಡು ತುದಿ, ಹೀಗೆ ಜಾಗ ಜಾಗದಲ್ಲಿ ಅಳೆದು ಒಂದು ನಕ್ಷೆ ಬರೆದಿಟ್ಟುಕೊಳ್ಳಿ. ಆ ಒಂದು ಚೀಟಿ ತುಂಬ ಕಾಲ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 6: ಕೂರಿಸುವುದು ಮತ್ತು ವಿದ್ಯುತ್ ಸುರಕ್ಷತೆ

ಅಡಾಪ್ಟರ್ ಹೊರಗಿರುವ ಲೈಟನ್ನೇ ಆರಿಸಿ. ಆಗ ನೀರಿನ ಮೇಲೆ ಹೋಗುವುದು 12 ಅಥವಾ 24 ವೋಲ್ಟ್ ಮಾತ್ರ. ಗೋಡೆಯ ಪೂರ್ತಿ ವೋಲ್ಟೇಜ್ ನೀರಿನ ಮೇಲೆ ಹಾಯುವ ಲೈಟನ್ನು ತೆರೆದ ಟ್ಯಾಂಕಿನ ಅಂಚಿನಲ್ಲಿ ಕೂರಿಸಲು ನನಗೆ ಮನಸ್ಸು ಬರುವುದಿಲ್ಲ.

ವೈರ್ ನೇರವಾಗಿ ಟ್ಯಾಂಕಿನಿಂದ ಪ್ಲಗ್ಗಿಗೆ ಇಳಿಯಬಾರದು. ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು, ಆಮೇಲೆ ಮೇಲಕ್ಕೆ ಹೋಗಬೇಕು. ವೈರಿನ ಮೇಲೆ ಹರಿದ ಹನಿ ಆ ಜೋತಿನ ತಳದಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ. ಟ್ಯಾಂಕಿನ ಎಲ್ಲ ಉಪಕರಣಗಳೂ 30 ಮಿಲಿಆಂಪಿಯರ್ ಸೋರಿಕೆಗೇ ಟ್ರಿಪ್ ಆಗುವ ಆರ್‌ಸಿಸಿಬಿ ಅನ್ನುವ ಸುರಕ್ಷತಾ ಸ್ವಿಚ್ಚಿನ ಹಿಂದೆ ಇರಲಿ. ಲೈಟಿಗೆ ಉಳಿಸಿದ ದುಡ್ಡಿನಲ್ಲಿ ಮೊದಲು ಇದನ್ನು ಹಾಕಿಸಿ.

ಲೈಟು ನೀರಿಗಿಂತ 8–10 ಸೆಂ.ಮೀ. ಮೇಲಿರಲಿ. ಮುಚ್ಚಳದ ಎತ್ತರ ಅದಕ್ಕೆ ಬಿಡದಿದ್ದರೆ ಬೆಳಕನ್ನು ತಗ್ಗಿಸಿ ಓಡಿಸಿ. ಲೈಟನ್ನು ಸುಲಭವಾಗಿ ಪಕ್ಕಕ್ಕೆ ಸರಿಸಲು ಅಥವಾ ಎತ್ತಲು ಆಗಬೇಕು. ಅದು ಅಡ್ಡ ಇದೆ ಅಂತ ಗಾಜು ಒರೆಸುವುದನ್ನು ಮುಂದೂಡುವ ಹಾಗಾಗಬಾರದು. ನೀಲಿ ಚಿಪ್‌ಗಳನ್ನು ಕೆಳಗಿನಿಂದ ನೇರವಾಗಿ ದಿಟ್ಟಿಸಬೇಡಿ, ಮಕ್ಕಳಿಗೂ ಹೇಳಿ.

ಹೆಜ್ಜೆ 7: ನಿಧಾನವಾಗಿ ಬೆಳಕು ಏರಿಸಿ

ಟೈಮರ್ ಇಲ್ಲದೆ ಹವಳದ ಟ್ಯಾಂಕ್ ನಡೆಸಬೇಡಿ. ಮುಳ್ಳು ತಿರುಗುವ ಟೈಮರ್ ಅಗ್ಗ, ಆದರೆ ಕರೆಂಟ್ ಹೋದಷ್ಟು ಹೊತ್ತು ಅದೂ ನಿಂತು ಹಿಂದೆ ಬೀಳುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಆದರೆ ಆ ತಲೆನೋವಿಲ್ಲ.

ಹೊಸ ಲೈಟ್ ಹಾಕಿದ ಮೊದಲ ವಾರ ನೀಲಿ 40, ಬಿಳಿ 10ರಿಂದ 15 ಶೇಕಡಾ ಇರಲಿ, ದಿನಕ್ಕೆ 6 ಗಂಟೆ ಸಾಕು. ಆಮೇಲೆ ವಾರಕ್ಕೆ 5ರಿಂದ 10 ಶೇಕಡಾ ಅಷ್ಟೇ ಏರಿಸಿ. ಸಮಯವನ್ನೂ ಹಾಗೇ ನಿಧಾನಕ್ಕೆ 8–10 ಗಂಟೆಗೆ ತನ್ನಿ. ಒಂದೇ ವಾರದಲ್ಲಿ ಎರಡನ್ನೂ ಬದಲಿಸಬೇಡಿ, ಏನಾದರೂ ತೊಂದರೆಯಾದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಹವಳಗಳು ಚೆನ್ನಾಗಿ ಅರಳಿ ನಿಂತ ಮಟ್ಟದಲ್ಲೇ ನಿಲ್ಲಿಸಿ. ನೂರಕ್ಕೆ ತಲುಪಲೇಬೇಕು ಅಂತ ಏನೂ ಇಲ್ಲ.

ಲೈಟಿನಲ್ಲಿ ಡಿಮ್ಮರ್ ಇಲ್ಲದಿದ್ದರೆ? ಸೊಳ್ಳೆ ಬಾರದಂತೆ ಕಿಟಕಿಗೆ ಹಾಕುವ ಪ್ಲಾಸ್ಟಿಕ್ ಅಥವಾ ಫೈಬರ್ ಬಲೆಯನ್ನು ಮೂರ್ನಾಲ್ಕು ಪದರ ಮಾಡಿ ಲೈಟಿನ ಕೆಳಗೆ ಟ್ಯಾಂಕಿನ ಮೇಲೆ ಹಾಸಿ. ವಾರಕ್ಕೊಂದು ಪದರ ತೆಗೆಯುತ್ತಾ ಬನ್ನಿ. ಲೋಹದ ಬಲೆ ಮಾತ್ರ ಬೇಡ, ಉಪ್ಪಿಗೆ ತುಕ್ಕು ಹಿಡಿಯುತ್ತದೆ.

ಹೊಸ ಹವಳ ತಂದಾಗ ಮೊದಲು ತಳದಲ್ಲಿಡಿ. ಒಂದೆರಡು ವಾರ ಬಿಟ್ಟು ಅದರ ಜಾಗಕ್ಕೆ ಏರಿಸಿ. ಗ್ರೀನ್ ಸ್ಟಾರ್ ಪಾಲಿಪ್ ಮತ್ತು ಜೀನಿಯಾವನ್ನು ಬೇರೆ ಒಂಟಿ ಕಲ್ಲಿನ ಮೇಲಿಡಿ, ಒಳ್ಳೆಯ ಬೆಳಕು ಸಿಕ್ಕರೆ ಎಲ್ಲ ಕಡೆ ಹಬ್ಬಿಬಿಡುತ್ತವೆ. ಜೋವಾಂತಿಡ್ ಮುಟ್ಟುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಈ ಗುಂಪಿನ ಕೆಲವುಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಕಡು ವಿಷ ಇರುತ್ತದೆ. ಅವು ಅಂಟಿರುವ ಕಲ್ಲನ್ನು ಯಾವತ್ತೂ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ.

ಹೆಜ್ಜೆ 8: ಹವಳವನ್ನೇ ನೋಡಿ ತಿದ್ದಿ

ಮೀಟರ್ ಇಲ್ಲದವರಿಗೆ ಮಶ್ರೂಮ್ ಕೋರಲ್ ಒಳ್ಳೆಯ ಸೂಚಕ. ಬೆಳಕು ಹದವಾಗಿದ್ದರೆ ಅದು ಅಗಲವಾಗಿ, ಅಂಚು ಸ್ವಲ್ಪ ಅಲೆಯಾಗಿ ಹರಡಿಕೊಂಡಿರುತ್ತದೆ. ಬೆಳಕು ಸಾಲದಿದ್ದರೆ ಬುಡ ಉದ್ದವಾಗಿ ಮೈಯನ್ನು ಬೆಳಕಿನತ್ತ ಚಾಚುತ್ತದೆ, ಕೆಲವೊಮ್ಮೆ ಆಲಿಕೆಯ ಆಕಾರಕ್ಕೆ ಬರುತ್ತದೆ. ಜಾಸ್ತಿಯಾದರೆ ಕುಗ್ಗಿ, ಅಂಚು ಒಳಕ್ಕೆ ಮಡಚಿಕೊಂಡು, ಬಣ್ಣ ಪೇಲವವಾಗುತ್ತದೆ. ಜೋವಾಂತಿಡ್‌ಗಳ ಕಾಂಡ ಉದ್ದವಾಗಿ ಬೆಳೆಯುತ್ತಿದ್ದರೂ ಬೆಳಕು ಕಡಿಮೆ ಅಂತಲೇ. ಬಿಳಿಚುವ ಸುಳಿವು ಕಂಡ ಕೂಡಲೇ ಬೆಳಕನ್ನು ಮೂರನೇ ಒಂದು ಭಾಗದಷ್ಟು ಇಳಿಸಿ, ಇಲ್ಲವೇ ಹವಳವನ್ನು ಕೆಳಗೆ ಸರಿಸಿ. ಎರಡನ್ನೂ ಒಟ್ಟಿಗೆ ಮಾಡಬೇಡಿ.

ಎಲ್ಲ ಮುನಿಸಿಗೂ ಲೈಟೇ ಕಾರಣ ಅಲ್ಲ ಅಲ್ವಾ? ಟೋಡ್‌ಸ್ಟೂಲ್ ಕೆಲವೊಮ್ಮೆ ಪಾಲಿಪ್‌ಗಳನ್ನೆಲ್ಲ ಒಳಗೆಳೆದುಕೊಂಡು, ಮೈಮೇಲೆ ಮೇಣದಂಥ ಹೊಳಪು ಪೊರೆ ಹೊತ್ತುಕೊಂಡು ಹಲವು ದಿನ ಸುಮ್ನೆ ಕೂರುತ್ತದೆ. ಅದು ಪೊರೆ ಕಳಚುವ ಹೊತ್ತು. ಲೈಟ್ ಬದಲಿಸಲು ಹೋಗಬೇಡಿ. ಪಂಪಿನ ಹರಿವು ಅದರ ಮೇಲೆ ಸ್ವಲ್ಪ ಹಾಯುವಂತೆ ಮಾಡಿದರೆ ಪೊರೆ ಬೇಗ ಕಳಚಿಹೋಗುತ್ತದೆ.

ಗಾಜಿನ ಮೇಲೆ ಪಾಚಿ ದಿಢೀರನೆ ಜಾಸ್ತಿಯಾದರೆ ಬಿಳಿ ಬೆಳಕನ್ನು ಇಳಿಸಿ, ಸಮಯ ಒಂದು ಗಂಟೆ ಕಡಿಮೆ ಮಾಡಿ. ಜೊತೆಗೆ ನೀರಿನ ನೈಟ್ರೇಟ್, ಫಾಸ್ಫೇಟ್ ಪರೀಕ್ಷಿಸಿ. ಅವು ಏರಿದ್ದರೆ ಲೈಟ್ ಎಷ್ಟು ಇಳಿಸಿದರೂ ಪಾಚಿ ಹೋಗುವುದಿಲ್ಲ.

ಕೊನೆಯದಾಗಿ ಒಂದು ಚಿಕ್ಕ ಕೆಲಸ. ವಾರಕ್ಕೊಮ್ಮೆ ಪ್ಲಗ್ ತೆಗೆದು, ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಲೈಟಿನ ತಳದ ಹೊದಿಕೆಯನ್ನು ಒರೆಸಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳು ಅಕ್ರಿಲಿಕ್ ಮೇಲೆ ಗೀರು ಮಾಡುತ್ತದೆ. ತಿಂಗಳುಗಟ್ಟಲೆ ಒರೆಸದೆ ಬಿಟ್ಟ ಹೊದಿಕೆಯನ್ನು ಒಂದೇ ದಿನ ಪೂರ್ತಿ ಸ್ವಚ್ಛ ಮಾಡುವುದಾದರೆ, ಅವತ್ತು ಬೆಳಕನ್ನು 10–15 ಶೇಕಡಾ ಇಳಿಸಿಯೇ ಹಾಕಿ. ಉಪ್ಪು ತಡೆದಿದ್ದ ಬೆಳಕೆಲ್ಲ ಒಮ್ಮೆಲೇ ಹವಳದ ಮೇಲೆ ಬೀಳುತ್ತದೆ, ಅದಕ್ಕೂ ಹೊಸ ಲೈಟಿಗೆ ಒಗ್ಗಿಕೊಂಡ ಹಾಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು.